ಲಂಡನ್ನಿನ ಮಳೆ, ಬ್ರಿಟಿಷರ ಹಲ್ಲು: ಕೇಳಿದ್ದರಲ್ಲಿ ನಿಜ ಎಷ್ಟು?

ಲಂಡನ್ ಅಂದರೆ ಸದಾ ಮಳೆ ಅಂತಾರಲ್ಲ, ಮೊದಲು ಆ ಲೆಕ್ಕ ಮುಗಿಸಿಬಿಡೋಣ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೆಂಗಳೂರಿನಲ್ಲಿ ಸಾವಿರದ ಹತ್ತಿರ. ಮಂಗಳೂರಿನಲ್ಲಿ ಮೂರೂವರೆ ಸಾವಿರದ ಆಸುಪಾಸು. ಆಗುಂಬೆಯನ್ನಂತೂ ಕೇಳಲೇಬೇಡಿ, ಏಳು ಸಾವಿರ ದಾಟುತ್ತದೆ. ಬಿಸಿಲಿನ ಊರು ಎಂದು ಹೆಸರಾದ ರೋಮ್‌ನಲ್ಲೂ ಲಂಡನ್ನಿಗಿಂತ ಜಾಸ್ತಿ ಮಳೆಯಾಗುತ್ತದೆ. ಆದರೂ ಮೊಮ್ಮಗಳು ಓದಲು ಇಂಗ್ಲೆಂಡಿಗೆ ಹೊರಟಳು ಅಂದರೆ ಅಜ್ಜಿ ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಒಂದು ಛತ್ರಿ ತುರುಕದೆ ಬಿಡುವುದಿಲ್ಲ.

ಅಜ್ಜಿಯದು ಪೂರ್ತಿ ತಪ್ಪೂ ಅಲ್ಲ. ನಮ್ಮ ಮಳೆ ಬರುತ್ತದೆ, ಸುರಿಯುತ್ತದೆ, ಹೋಗುತ್ತದೆ. ಅಲ್ಲಿಯದು ಹಾಗಲ್ಲ. ಬೆಳಿಗ್ಗೆ ಶುರುವಾದರೆ ಸಂಜೆವರೆಗೂ ಜಿಟಿಜಿಟಿ. ಛತ್ರಿ ಬಿಡಿಸಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಜಾಕೆಟ್ ಒದ್ದೆ. ಬಿದ್ದ ನೀರನ್ನು ಅಳೆದರೆ ಕಮ್ಮಿ, ಮಳೆ ಬಂದ ದಿನಗಳನ್ನು ಎಣಿಸಿದರೆ ಜಾಸ್ತಿ. ಅದರ ಜೊತೆಗೆ ಬೆಳಕಿನ ತೊಂದರೆ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಾನು ಕೆಲಸದ ಮೇಲೆ ಎರಡು ವರ್ಷ ಯಾರ್ಕ್‌ಶೈರ್ ಕಡೆ ಇದ್ದೆ. ನನ್ನನ್ನು ಕಾಡಿದ್ದು ಮಳೆಯಲ್ಲ, ಮಧ್ಯಾಹ್ನ ಮೂರಕ್ಕೇ ಹಾಕಬೇಕಾದ ಟ್ಯೂಬ್‌ಲೈಟು.

ಇನ್ನು ಬ್ರಿಟನ್ ಅಂದರೆ ಲಂಡನ್ ಒಂದೇ ಅಲ್ಲವಲ್ಲ. ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಗಳಲ್ಲಿ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್‌ನಂಥ ಹಳ್ಳಿಯಲ್ಲಿ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಸಮುದ್ರದ ಕಡೆಯಿಂದ ಬಂದ ಮೋಡ ಪಶ್ಚಿಮದ ಬೆಟ್ಟಕ್ಕೆ ತಾಗಿ ಅಲ್ಲೇ ಇಳಿಸುತ್ತದೆ, ಪೂರ್ವಕ್ಕೆ ಒಣಗಾಳಿ ಹೋಗುತ್ತದೆ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸದ ಲೆಕ್ಕವೇ ಇದು. ಮಳೆಗಾಲದ ಆಗುಂಬೆ ನೋಡಿದವರು ಕರ್ನಾಟಕದಲ್ಲಿ ಸದಾ ಮಳೆ ಅಂದರೆ ಚಿತ್ರದುರ್ಗದವರು ಏನೆನ್ನಬೇಕು?

ಲಂಡನ್ನಿನ ಮಂಜಿನ ಕಥೆ ಇನ್ನೂ ಮಜವಾಗಿದೆ. ಹಳೇ ಪತ್ತೇದಾರಿ ಕಥೆಗಳಲ್ಲಿ ಬರುವ ಆ ಹಳದಿ ಮಂಜು ಬರೀ ಮಂಜೇ ಅಲ್ಲ. ಅದರಲ್ಲಿ ಬೆರೆತದ್ದು ಕಲ್ಲಿದ್ದಲಿನ ಹೊಗೆ. ಮನೆಮನೆಯಲ್ಲೂ ಕಲ್ಲಿದ್ದಲ ಒಲೆ ಉರಿಯುತ್ತಿದ್ದ ಕಾಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಆ ಹೊಗೆ ಊರ ಮೇಲೆ ಕೂತುಬಿಟ್ಟಿತು. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆದರು. ಸತ್ತವರು ನಾಲ್ಕು ಸಾವಿರ ಎಂದು ಆಗ ಲೆಕ್ಕ ಹಾಕಿದರು. ಆಮೇಲಿನ ಅಂದಾಜುಗಳು 12 ಸಾವಿರದವರೆಗೂ ಹೋದವು. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು, ಕಲ್ಲಿದ್ದಲ ಒಲೆಗಳು ನಿಧಾನವಾಗಿ ಆರಿದವು, ಮಂಜೂ ಹೋಯಿತು. ಆದರೆ ನಮ್ಮ ತಲೆಯೊಳಗಿನ ಲಂಡನ್ನಿನಲ್ಲಿ ಅದು ಇನ್ನೂ ಕವಿದುಕೊಂಡೇ ಇದೆ.

ನಾನು ಹೇಳಬೇಕಾಗಿರುವುದು ಇಷ್ಟೇ. ಬ್ರಿಟಿಷರ ಬಗ್ಗೆ ನಾವು ಕೇಳಿಕೊಂಡು ಬಂದ ಮಾತುಗಳಲ್ಲಿ ಹಸಿ ಸುಳ್ಳುಗಳು ಕಡಿಮೆ. ಹೆಚ್ಚಿನವು ಹಳೇ ಫೋಟೋಗಳು. ಫೋಟೋ ನಿಜವೇ, ಆದರೆ ತೆಗೆದ ಇಸವಿ ಅಳಿಸಿಹೋಗಿದೆ. ಇತ್ತೀಚಿನ ವರ್ಷಗಳಲ್ಲಿ ಒಂದೇ ವರ್ಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯ ವಿದ್ಯಾರ್ಥಿಗಳು ಬ್ರಿಟನ್ನಿನ ವೀಸಾ ಪಡೆದದ್ದಿದೆ. ಅವರಲ್ಲಿ ನಮ್ಮ ಹುಬ್ಬಳ್ಳಿ, ಮೈಸೂರು, ಕಲಬುರಗಿಯ ಮಕ್ಕಳೂ ಇದ್ದಾರೆ. ಸೂಟ್‌ಕೇಸಿನಲ್ಲಿ ಛತ್ರಿ ಇದ್ದ ಹಾಗೆ ತಲೆಯಲ್ಲಿ ಈ ಫೋಟೋಗಳೂ ಹೋಗುತ್ತವೆ. ಒಂದೊಂದನ್ನೂ ತಿರುಗಿಸಿ ಹಿಂದೆ ಇಸವಿ ಬರೆದಿದೆಯಾ ಎಂದು ನೋಡುವುದು ಒಳ್ಳೆಯದು.

ಹವಾಮಾನದ ಬಗ್ಗೆ ಇನ್ನೊಂದೇ ಮಾತು. ಬ್ರಿಟಿಷರು ಸದಾ ಹವಾಮಾನದ ಬಗ್ಗೆಯೇ ಮಾತಾಡುತ್ತಾರೆ ಎನ್ನುವುದು ನೂರಕ್ಕೆ ನೂರು ನಿಜ. ಲಿಫ್ಟಿನಲ್ಲಿ, ಬಸ್ ಸ್ಟಾಪಿನಲ್ಲಿ, ಮೀಟಿಂಗ್ ಶುರುವಾಗುವ ಮುಂಚೆ ಇದೇ ಮಾತು. ಮೊದಮೊದಲು ನಾನು ಸೀರಿಯಸ್ಸಾಗಿ ಉತ್ತರ ಕೊಡುತ್ತಿದ್ದೆ. ‘ಇವತ್ತು ಚಳಿ ಅಲ್ವಾ’ ಅಂದರೆ ‘ಇಲ್ಲ, ನಿನ್ನೆಗಿಂತ ಎರಡು ಡಿಗ್ರಿ ಜಾಸ್ತಿ ಇದೆ’ ಅನ್ನುವುದು. ಎದುರಿನವರ ಮುಖ ಸಣ್ಣಗಾಗುತ್ತಿತ್ತು. ಆಮೇಲೆ ಹೊಳೆಯಿತು, ಇದು ಅವರ ‘ಊಟ ಆಯ್ತಾ’. ನಮ್ಮಲ್ಲಿ ಊಟ ಆಯ್ತಾ ಎಂದು ಕೇಳಿದವರಿಗೆ ನಿಮ್ಮ ಹೊಟ್ಟೆಯ ಲೆಕ್ಕ ಬೇಕಿರುವುದಿಲ್ಲ. ‘ಆಯ್ತು, ನಿಮ್ದು?’ ಅನ್ನಬೇಕು ಅಷ್ಟೆ. ಅಲ್ಲೂ ‘ಹೌದು, ಏನ್ ಚಳಿ’ ಅನ್ನಬೇಕು ಅಷ್ಟೆ. ವಾದ ಮಾಡಿದರೆ ಕೆಟ್ಟಿರಿ.

ಇನ್ನು ಟೀ. ಇದೂ ನಿಜ, ಆದರೆ ನಾವು ಅಂದುಕೊಂಡ ಹಾಗಲ್ಲ. ತಲೆಗೆ ಲೆಕ್ಕ ಹಾಕಿದರೆ ಟರ್ಕಿಯವರು, ಐರ್ಲೆಂಡಿನವರು ಬ್ರಿಟಿಷರಿಗಿಂತ ಜಾಸ್ತಿ ಟೀ ಕುಡಿಯುತ್ತಾರೆ. ಬ್ರಿಟನ್ನಿನ ದೊಡ್ಡ ಊರುಗಳ ಬೀದಿಯಲ್ಲಿ ಈಗ ಕಣ್ಣಿಗೆ ಬೀಳುವುದು ಕಾಫಿ ಅಂಗಡಿಗಳೇ. ಆದರೂ ಟೀ ಅವರ ರಕ್ತದಲ್ಲಿದೆ ಅನ್ನಲು ನನ್ನ ಹತ್ತಿರ ಒಂದು ಸಾಕ್ಷಿ ಇದೆ, ಅದು ಕರೆಂಟಿನ ಲೆಕ್ಕ. 1990ರ ಜುಲೈ 4, ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್. ಪಶ್ಚಿಮ ಜರ್ಮನಿ ಎದುರು ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತಿತು. ಸೋತ ಕೂಡಲೇ ಇಡೀ ದೇಶ ಎದ್ದುಹೋಗಿ ಕೆಟಲ್ ಆನ್ ಮಾಡಿತು. ಆ ಕ್ಷಣಕ್ಕೆ ಏರಿದ ಬೇಡಿಕೆ 2,800 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಕೊಡುವುದು 1,035 ಮೆಗಾವಾಟ್. ಅಂದರೆ ಎರಡೂವರೆ ಶರಾವತಿಗೂ ಜಾಸ್ತಿ, ಬರೀ ದುಃಖಕ್ಕೆ ಟೀ ಕಾಯಿಸಲು! ಇಂಥ ಹೊತ್ತಿಗೆಂದೇ ವೇಲ್ಸ್‌ನ ಡಿನೋರ್ವಿಗ್‌ನಲ್ಲಿ ಬೆಟ್ಟದ ಹೊಟ್ಟೆಯೊಳಗೆ ಒಂದು ಜಲವಿದ್ಯುತ್ ಕೇಂದ್ರವಿದೆ. ರಾತ್ರಿ ನೀರನ್ನು ಮೇಲಕ್ಕೆ ಪಂಪ್ ಮಾಡಿ ಇಟ್ಟುಕೊಂಡು, ಬೇಡಿಕೆ ಏರಿದ ಕೆಲವೇ ಸೆಕೆಂಡುಗಳಲ್ಲಿ ಕೆಳಗೆ ಬಿಡುತ್ತಾರೆ. ಅವರ ಸೈನ್ಯದ ಟ್ಯಾಂಕುಗಳೊಳಗೂ 1945ರಿಂದ ನೀರು ಕಾಯಿಸುವ ಪಾತ್ರೆ ಕೂರಿಸಿಕೊಂಡೇ ಬಂದಿದ್ದಾರೆ.

ಆದರೆ ನಮ್ಮ ಕಲ್ಪನೆಯ ಟೀ ಬೇರೆ. ಬೆಳ್ಳಿ ಕೆಟಲ್ಲು, ಹೂವಿನ ಚಿತ್ರದ ಕಪ್ಪು, ಮೂರಂತಸ್ತಿನ ತಟ್ಟೆಯಲ್ಲಿ ಪುಟಾಣಿ ಸ್ಯಾಂಡ್‌ವಿಚ್ಚು. ಅದು ಈಗ ಬಹುಪಾಲು ಹೋಟೆಲುಗಳಲ್ಲಿ ಟೂರಿಸ್ಟುಗಳಿಗೆ, ಹುಟ್ಟುಹಬ್ಬದ ಪಾರ್ಟಿಗಳಿಗೆ. ಆಫೀಸಿನಲ್ಲಿ ನಾನು ದಿನಾ ನೋಡಿದ್ದು ಇಷ್ಟು: ಅಂಚು ಕಿತ್ತುಹೋದ ಒಂದು ದಪ್ಪ ಮಗ್ಗು, ಅದರಲ್ಲೊಂದು ಟೀ ಬ್ಯಾಗು, ಮೇಲೆ ಕುದಿನೀರು, ಕೊನೆಗೆ ಒಂದು ಚೂರು ತಣ್ಣನೆ ಹಾಲು. ಕುದಿಸುವುದಿಲ್ಲ, ಶುಂಠಿ ಏಲಕ್ಕಿ ಇಲ್ಲ. ನಮ್ಮ ಬಾಯಿಗೆ ಅದು ಟೀ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ, ಕ್ಷಮೆ ಇರಲಿ. ಆದರೆ ಒಂದು ಪದ್ಧತಿ ಚೆನ್ನಾಗಿದೆ. ಯಾರೊಬ್ಬರೂ ತಮಗೆ ಮಾತ್ರ ಟೀ ಮಾಡಿಕೊಳ್ಳುವುದಿಲ್ಲ. ಎದ್ದವರು ಸುತ್ತಲಿನ ಎಲ್ಲರನ್ನೂ ಕೇಳಬೇಕು. ಸುಮ್ನೆ ಒಬ್ಬರೇ ಮಾಡಿಕೊಂಡು ಬಂದು ಕೂತರೆ ಅವರ ಬಗ್ಗೆ ಬೆನ್ನ ಹಿಂದೆ ಮಾತು ಶುರು.

ಬೆಂಗಳೂರಿನ ಸ್ಟಾರ್ ಹೋಟೆಲುಗಳಲ್ಲಿ ‘ಹೈ ಟೀ’ ಎಂದು ಬೋರ್ಡು ಹಾಕಿ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರಲ್ಲ, ಅದನ್ನು ಕಂಡರೆ ನನಗೆ ನಗು. ಬ್ರಿಟನ್ನಿನಲ್ಲಿ ಹೈ ಟೀ ದೊಡ್ಡವರ ತಿಂಡಿಯೇ ಅಲ್ಲ. ಕಾರ್ಖಾನೆ, ಗಣಿಗಳಲ್ಲಿ ದುಡಿದು ಸಂಜೆ ಮನೆಗೆ ಬಂದವರು ಊಟದ ಮೇಜಿಗೆ ಕೂತು ಮಾಂಸ, ಬ್ರೆಡ್ಡು, ಆಲೂಗಡ್ಡೆ ಜೊತೆ ಟೀ ಕುಡಿಯುತ್ತಿದ್ದದ್ದು. ಈಗಲೂ ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ‘ಟೀ’ ಅಂದರೆ ರಾತ್ರಿಯೂಟ. ಇದು ಗೊತ್ತಿಲ್ಲದೆ ನಾನು ಒಬ್ಬರ ಮನೆಗೆ ‘ಟೀಗೆ’ ಹೋದಾಗ ಹೊಟ್ಟೆ ತುಂಬ ತಿಂದೇ ಹೋಗಿದ್ದೆ. ಅಲ್ಲಿ ನೋಡಿದರೆ ನನಗೋಸ್ಕರ ತರಕಾರಿ ಪೈ ಮಾಡಿಟ್ಟಿದ್ದಾರೆ. ಕಷ್ಟಪಟ್ಟು ತಿಂದೆ.

ಊಟದ ವಿಷಯಕ್ಕೆ ಬಂದ ಮೇಲೆ ಸ್ವಲ್ಪ ನಿಲ್ಲಲೇಬೇಕು. ಬ್ರಿಟಿಷರ ಅಡುಗೆ ಸಪ್ಪೆ, ಎಲ್ಲವನ್ನೂ ಬೇಯಿಸಿ ಬೇಯಿಸಿ ಸಾಯಿಸುತ್ತಾರೆ ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಫ್ರೆಂಚರು, ಇಟಲಿಯವರು, ನಾವು, ಎಲ್ಲರೂ ಸೇರಿ ಮೂಗು ಮುರಿಯುತ್ತೇವೆ. ಈ ಫೋಟೋದ ಹಿಂದೆ ಎರಡು ಇಸವಿಗಳಿವೆ.

ಮೊದಲನೆಯದು 1851. ಆ ವರ್ಷದ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಣಗಳಲ್ಲಿ ಸಿಕ್ಕರು. ಅಷ್ಟು ಬೇಗ ಹಳ್ಳಿ ಬಿಟ್ಟ ದೇಶ ಬೇರೊಂದಿರಲಿಲ್ಲ. ಹಿತ್ತಲು ಹೋಯಿತು, ಹಸು ಹೋಯಿತು. ಗಂಡ ಹೆಂಡತಿ ಮಕ್ಕಳೆಲ್ಲ ಮಿಲ್ಲಿಗೆ ಹೋದ ಮೇಲೆ ಅಡುಗೆಗೆ ಹೊತ್ತೂ ಇಲ್ಲ, ಎಷ್ಟೋ ಮನೆಗಳಲ್ಲಿ ಸರಿಯಾದ ಒಲೆಯೂ ಇಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬರಬೇಕಾದ ಕೈರುಚಿ ನಡುವೆಯೇ ತುಂಡಾಯಿತು.

ಎರಡನೆಯದು 1940. ಆ ಜನವರಿ 8ರಿಂದ ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಜುಲೈನಲ್ಲಿ ಟೀಗೂ ಬಂತು, ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ 57 ಗ್ರಾಂ. ಮೊಟ್ಟೆಯ ಬದಲು ಡಬ್ಬಿಯಲ್ಲಿ ಮೊಟ್ಟೆಪುಡಿ. ಚೀಸು ಮಾಡುವ ಹಾಲನ್ನು ಬಹುಪಾಲು ಸರ್ಕಾರ ಒಂದೇ ಬಗೆಯ ಚೀಸಿಗೆ ತಿರುಗಿಸಿದ್ದರಿಂದ ಊರೂರಿನ ಎಷ್ಟೋ ಚೀಸುಗಳು ನಿಂತುಹೋದವು. ವಿಚಿತ್ರ ಅಂದರೆ ಯುದ್ಧ ಮುಗಿದರೂ ಇದು ಮುಗಿಯಲಿಲ್ಲ. ಯುದ್ಧದ ಹೊತ್ತಿನಲ್ಲಿ ರೇಷನ್ ಇಲ್ಲದ ಬ್ರೆಡ್ಡಿಗೆ 1946ರಲ್ಲಿ ರೇಷನ್ ಹಾಕಿದರು. ಕೊನೆಗೆ ಮಾಂಸದ ರೇಷನ್ ಎದ್ದದ್ದು 1954ರ ಜುಲೈ 4ಕ್ಕೆ. ಹದಿನಾಲ್ಕು ವರ್ಷ! ಆ ಹೊತ್ತಿನಲ್ಲಿ ಬೆಳೆದ ಒಂದು ಇಡೀ ತಲೆಮಾರಿಗೆ ರುಚಿ ಎಂದರೇನು ಎಂದೇ ಗೊತ್ತಾಗಲಿಲ್ಲ. ಯುದ್ಧಕ್ಕೆಂದು ಅಲ್ಲಿಗೆ ಬಂದ ಲಕ್ಷಾಂತರ ಅಮೆರಿಕನ್ ಸೈನಿಕರು ತಿಂದದ್ದು ಇದೇ ಊಟವನ್ನು. ಊರಿಗೆ ಹೋಗಿ ಅವರು ಅದನ್ನೇ ಹೇಳಿದರು.

ಇಲ್ಲಿ ಒಂದು ಮಾತು ನುಂಗಿಕೊಳ್ಳಲು ಆಗುವುದಿಲ್ಲ. ಬ್ರಿಟನ್ ಮೊಟ್ಟೆಪುಡಿ ತಿನ್ನುತ್ತಿದ್ದ 1943ರಲ್ಲಿ ಅದೇ ಸರ್ಕಾರದ ಆಳ್ವಿಕೆಯ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ರೇಷನ್ ಕಾಲದ ಕಷ್ಟವನ್ನು ಅವರು ನೆನೆಸಿಕೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇವತ್ತು ಏನು ಪರಿಸ್ಥಿತಿ? ಲಂಡನ್ನಿನಲ್ಲಿ ಸಿಗದ ಊಟ ಇಲ್ಲ. 2001ರಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವನ್ನು ನಿಜವಾದ ಬ್ರಿಟಿಷ್ ರಾಷ್ಟ್ರೀಯ ಖಾದ್ಯ ಎಂದು ಕರೆದರು. ಮಾತು ಸುಮ್ನೆ ತಮಾಷೆಯದಲ್ಲ. ಪಾಟ್ನಾದ ಶೇಕ್ ದೀನ್ ಮಹಮದ್ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲು ತೆರೆದದ್ದು 1810ರಲ್ಲಿ. ಅವರ ಹೆಮ್ಮೆಯ ಫಿಶ್ ಅಂಡ್ ಚಿಪ್ಸ್ ಕೂಡ ಹೀಗೆಯೇ. ಹಿಟ್ಟಿನಲ್ಲಿ ಅದ್ದಿ ಮೀನು ಕರಿಯುವುದನ್ನು ಅಲ್ಲಿಗೆ ತಂದವರು ಸ್ಪೇನ್, ಪೋರ್ಚುಗಲ್ ಕಡೆಯಿಂದ ಓಡಿಬಂದ ಯಹೂದಿಗಳು. ನನ್ನ ತೀರ್ಪು ಕೇಳಿದರೆ, ಅವರ ಬ್ರೆಡ್ಡು, ಚೀಸು, ಪುಡ್ಡಿಂಗುಗಳಿಗೆ ಸಾಟಿ ಇಲ್ಲ. ಆದರೆ ಮಧ್ಯಾಹ್ನದ ಊಟಕ್ಕೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಸ್ಯಾಂಡ್‌ವಿಚ್ಚನ್ನು ಕಂಪ್ಯೂಟರ್ ಮುಂದೆಯೇ ತಿಂದು ಮುಗಿಸುವ ಜನಕ್ಕೆ ಊಟದ ಮೇಲೆ ಪ್ರೀತಿ ಇದೆ ಎಂದು ನಾನಂತೂ ಒಪ್ಪುವುದಿಲ್ಲ.

ಹಲ್ಲಿನ ಜೋಕುಗಳು ಅಮೆರಿಕದಿಂದ ಬಂದವು. ಬ್ರಿಟಿಷರ ಹಲ್ಲು ಕೆಟ್ಟದ್ದು ಎಂದು ಅಲ್ಲಿಯ ಟಿವಿಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ನಕ್ಕಿದ್ದಾರೆ. 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎರಡೂ ಕಡೆಯ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಒಂದು ಅಧ್ಯಯನ ಪ್ರಕಟಿಸಿತು. ದೊಡ್ಡವರಲ್ಲಿ ಬಿದ್ದುಹೋದ ಹಲ್ಲುಗಳ ಸರಾಸರಿ ಇಂಗ್ಲೆಂಡಿನಲ್ಲಿ 6.97, ಅಮೆರಿಕದಲ್ಲಿ 7.31. ನಗುವವರ ಬಾಯಲ್ಲೇ ಹಲ್ಲು ಕಮ್ಮಿ! ವ್ಯತ್ಯಾಸ ಇರುವುದು ಬಣ್ಣದಲ್ಲಿ, ಸಾಲಿನಲ್ಲಿ. ಅಮೆರಿಕನ್ನರು ಹಲ್ಲನ್ನು ಬಿಳಿ ಮಾಡಿಸಿ, ತಂತಿ ಕಟ್ಟಿಸಿ ನೆಟ್ಟಗೆ ಮಾಡಿಸುತ್ತಾರೆ. ಬ್ರಿಟಿಷರು ಮೊನ್ನೆಮೊನ್ನೆವರೆಗೂ ನೋಯದಿದ್ದರೆ ಸಾಕು ಎಂದು ಬಿಟ್ಟುಬಿಡುತ್ತಿದ್ದರು.

ಈ ಜೋಕಿಗೂ ಒಂದು ಇಸವಿ ಇದೆ. 1948ರ ಜುಲೈ 5ಕ್ಕೆ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆ ಶುರುವಾದಾಗ ಜನ ಮುಗಿಬಿದ್ದದ್ದರಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೂ ಒಂದು. ಖರ್ಚು ತಡೆಯಲಾರದೆ 1951ರಲ್ಲಿ ಸರ್ಕಾರ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ದುಡ್ಡು ಕೇಳಿತು. ಆ ಸೇವೆಯನ್ನು ಕಟ್ಟಿದ್ದ ಮಂತ್ರಿ ಅನೈರಿನ್ ಬೆವನ್ ಅದೇ ಸಿಟ್ಟಿಗೆ ರಾಜೀನಾಮೆ ಬಿಸಾಕಿದರು. ಮುಂದೆ ಎಂದಾದರೂ ಕೆಡುವುದೇ ತಾನೇ ಎಂದು, ಮದುವೆಗೆ ಮುಂಚೆ ಹುಡುಗಿಯ ಎಲ್ಲ ಹಲ್ಲನ್ನೂ ಕೀಳಿಸಿ ಸೆಟ್ಟು ಹಾಕಿಸಿ ಕೊಡುವ ಪದ್ಧತಿ ಕೆಲವು ಕಡೆ ಇತ್ತು. ವರದಕ್ಷಿಣೆಯ ಬದಲು ಹಲ್ಲು! 1968ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ದೊಡ್ಡವರಲ್ಲಿ ಶೇಕಡ 37 ಮಂದಿಗೆ ಬಾಯಲ್ಲಿ ಒಂದೂ ಸ್ವಂತ ಹಲ್ಲಿರಲಿಲ್ಲ. 2009ರ ಹೊತ್ತಿಗೆ ಇದು ಶೇಕಡ 6ಕ್ಕೆ ಇಳಿಯಿತು. ಆದರೆ ಈಗ ಹೊಸ ತೊಂದರೆ ಶುರುವಾಗಿದೆ. ಸರ್ಕಾರಿ ದರದಲ್ಲಿ ನೋಡುವ ದಂತವೈದ್ಯರು ಸಿಗುತ್ತಿಲ್ಲ. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಒಂದು ಕ್ಲಿನಿಕ್ ತೆರೆದಾಗ ನೂರಾರು ಜನ ರಸ್ತೆಯುದ್ದಕ್ಕೂ ನಿಂತರು. ಪೊಲೀಸರೇ ಬರಬೇಕಾಯಿತು. ಹಳೇ ಜೋಕು ಹೊಸ ಕಾರಣಕ್ಕೆ ನಿಜವಾದರೂ ಆಶ್ಚರ್ಯವಿಲ್ಲ.

ಸ್ನಾನದ ಬಗ್ಗೆಯೂ ನಮ್ಮವರು ಪಿಸುಗುಟ್ಟುತ್ತಾರೆ, ವಾರಕ್ಕೊಂದೇ ಸಲ ಅಂತೆ ಎಂದು. 1951ರಲ್ಲಿ ಹೌದು. ಆಗ ಮೂರರಲ್ಲಿ ಒಂದಕ್ಕೂ ಜಾಸ್ತಿ ಮನೆಗಳಲ್ಲಿ ಸ್ನಾನದ ತೊಟ್ಟಿಯೇ ಇರಲಿಲ್ಲ. ಅಡುಗೆಮನೆಯ ಬೆಂಕಿ ಮುಂದೆ ತಗಡಿನ ತೊಟ್ಟಿ ಇಟ್ಟು, ಅದೇ ನೀರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಮೀಯುತ್ತಿದ್ದರು. ಈಗ ದಿನಾ ಶವರ್. ಆದರೆ ಹಳೇ ಮನೆಗಳಲ್ಲಿ ಒಂದು ಗುರುತು ಉಳಿದಿದೆ: ಕೈ ತೊಳೆಯುವ ಬೇಸಿನ್ನಿಗೆ ಎರಡು ಬೇರೆ ಬೇರೆ ನಲ್ಲಿ. ಎಡಗಡೆ ಕೈ ಸುಡುವ ನೀರು, ಬಲಗಡೆ ಕೈ ಮರಗಟ್ಟುವ ನೀರು. ತಣ್ಣೀರು ನೇರ ಬೀದಿ ಪೈಪಿನಿಂದ ಬರುತ್ತಿತ್ತು, ಬಿಸಿನೀರು ಅಟ್ಟದ ಟ್ಯಾಂಕಿನಿಂದ. ಅಟ್ಟದ ನೀರಿನಲ್ಲಿ ಏನು ಬಿದ್ದಿರುತ್ತದೋ, ಕುಡಿಯುವ ನೀರಿಗೆ ಬೆರೆಯಬಾರದು ಎಂದು ಬೇರೆ ಇಟ್ಟರು. ಎರಡು ವರ್ಷ ನಾನು ಎರಡೂ ನಲ್ಲಿಗಳ ನಡುವೆ ಕೈ ಓಡಾಡಿಸಿಕೊಂಡೇ ಮುಖ ತೊಳೆದೆ.

ಕುಡಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಡಿಯುತ್ತಾರೆ, ಫ್ರೆಂಚರೂ ಜರ್ಮನ್ನರೂ ಹೆಚ್ಚುಕಮ್ಮಿ ಅಷ್ಟೇ ಕುಡಿಯುತ್ತಾರೆ. ವ್ಯತ್ಯಾಸ ಎಂದರೆ ಬ್ರಿಟಿಷರು ಶುಕ್ರವಾರ ಒಂದೇ ರಾತ್ರಿಗೆ ಒತ್ತರಿಸಿ ಕುಡಿಯುತ್ತಾರೆ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗೆ ಕೆಲಸಗಾರರು ಸರಿಯಾಗಿ ಬರಲಿ ಎಂದು ಪಬ್ಬುಗಳ ಹೊತ್ತನ್ನು ಕಡಿತ ಮಾಡಿದ್ದರು. ಬೇಗ ಮುಚ್ಚುವ ಆ ರೂಢಿ ಸಡಿಲವಾಗಿದ್ದು 2005ರಲ್ಲಿ. ಬಾಗಿಲು ಹಾಕುವ ಮುಂಚೆ ಗಟಗಟ ಮುಗಿಸುವ ಅಭ್ಯಾಸಕ್ಕೆ ಇದೂ ಒಂದು ಕಾರಣ. ಪಬ್ಬುಗಳೇ ಈಗ ವರ್ಷವರ್ಷವೂ ಮುಚ್ಚುತ್ತಿವೆ.

ಕ್ಯೂ ವಿಷಯದಲ್ಲಿ ಮಾತ್ರ ನಾನು ಅವರಿಗೆ ನಮಸ್ಕಾರ ಹಾಕುತ್ತೇನೆ. ಇದು ಹುಟ್ಟುಗುಣ ಎಂದು ಅವರೇ ಹೇಳಿಕೊಂಡರೂ ನಂಬಬೇಡಿ. ಕ್ಯೂ ಎನ್ನುವ ಪದವೇ ಫ್ರೆಂಚಿನದು. ರೇಷನ್ ಅಂಗಡಿ ಮುಂದೆ ನಿಂತು ನಿಂತು, ‘ಸರದಿ ಬರುವವರೆಗೆ ಕಾಯುವವನೇ ಒಳ್ಳೆಯ ನಾಗರಿಕ’ ಎಂದು ಯುದ್ಧಕಾಲದಲ್ಲಿ ಕೇಳಿ ಕೇಳಿ ಇದು ದೇಶದ ಗುರುತಾಯಿತು. 2022ರ ಸೆಪ್ಟೆಂಬರಿನಲ್ಲಿ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡಾಗ ಜಗತ್ತೇ ಅದನ್ನು ನೋಡಿತು. ಅಂತಿಮ ದರ್ಶನಕ್ಕೆ ಥೇಮ್ಸ್ ದಂಡೆಯಲ್ಲಿ ಸದರ್ಕ್ ಪಾರ್ಕ್‌ವರೆಗೂ ಮೈಲುಗಟ್ಟಲೆ ಸಾಲು. ಒಂದು ಹಂತದಲ್ಲಿ ಕಾಯಬೇಕಾದ ಹೊತ್ತು 24 ಗಂಟೆ. ಸಾಲಿನ ಬಾಲ ಎಲ್ಲಿದೆ ಎಂದು ತೋರಿಸಲು ಸರ್ಕಾರವೇ ಯೂಟ್ಯೂಬಿನಲ್ಲಿ ಲೈವ್ ಇಟ್ಟಿತ್ತು. ಸುಮಾರು ಎರಡೂವರೆ ಲಕ್ಷ ಜನ ಹಾದುಹೋದರು. ಫುಟ್‌ಬಾಲ್ ತಾರೆ ಡೇವಿಡ್ ಬೆಕಮ್ ಹನ್ನೆರಡು ತಾಸಿಗೂ ಜಾಸ್ತಿ ನಿಂತರು, ಜನ ಮೆಚ್ಚಿದರು. ಪತ್ರಕರ್ತರ ದಾರಿಯಲ್ಲಿ ಒಳಹೋದ ಇಬ್ಬರು ಟಿವಿ ನಿರೂಪಕರ ಮೇಲೆ ಮಾತ್ರ ಸಾವಿರಾರು ಜನ ಪಿಟಿಷನ್ ಹಾಕಿದರು. ತಾವು ಕ್ಯೂ ತಪ್ಪಿಸಿಲ್ಲ ಎಂದು ಅವರು ಎಷ್ಟು ಹೇಳಿದರೂ ಜನ ಕೇಳಲಿಲ್ಲ. ನಮ್ಮಲ್ಲಿ ವಿಐಪಿ ದರ್ಶನಕ್ಕೆ ಬೇರೆ ಕೌಂಟರೇ ಇರುತ್ತದಲ್ಲ, ಹಾಗಾಗಿ ಆ ಸಿಟ್ಟು ನಮಗೆ ಅರ್ಥವಾಗುವುದು ಸ್ವಲ್ಪ ಕಷ್ಟ.

ಇನ್ನು ಅವರ ಮಾತಿನ ಬಗೆ. ನಾವು ಮೋಸಹೋಗುವುದು ಇಲ್ಲಿಯೇ. ಬ್ರಿಟಿಷರು ಬಹಳ ಮರ್ಯಾದಸ್ಥರು, ಮಾತಿಗೊಮ್ಮೆ ಸಾರಿ ಅನ್ನುತ್ತಾರೆ ಎಂದು ಕೇಳಿರುತ್ತೀರಿ. ಅನ್ನುತ್ತಾರೆ. ನೀವು ಅವರ ಕಾಲು ತುಳಿದರೂ ಸಾರಿ ಅನ್ನುವವರು ಅವರೇ. ಆದರೆ ಅದು ಕ್ಷಮೆ ಕೇಳುವ ಮಾತಲ್ಲ. ‘ಸ್ವಲ್ಪ ಪಕ್ಕಕ್ಕೆ’, ‘ಕೇಳಿಸಲಿಲ್ಲ’, ‘ಕಣ್ಣು ಕಾಣಲ್ವಾ ನಿಂಗೆ’, ಎಲ್ಲದಕ್ಕೂ ಅದೊಂದೇ ಪದ, ರಾಗ ಬೇರೆ.

ಎಲ್ಲವನ್ನೂ ಕಡಿಮೆ ಮಾಡಿ ಹೇಳುವುದು ಅವರ ನಿಜವಾದ ಗುಣ. 1982ರ ಜೂನ್ 24. ಮುಂಬೈ, ಮದ್ರಾಸು ಹಾದು ಬಂದ ಬ್ರಿಟಿಷ್ ಏರ್‌ವೇಸ್ ವಿಮಾನ ಜಾವಾದ ಹತ್ತಿರ ಜ್ವಾಲಾಮುಖಿಯ ಬೂದಿಗೆ ಸಿಕ್ಕಿತು. ನಾಲ್ಕೂ ಎಂಜಿನ್ನು ನಿಂತುಹೋದವು. ಕ್ಯಾಪ್ಟನ್ ಎರಿಕ್ ಮೂಡಿ ಮೈಕಿನಲ್ಲಿ ಹೇಳಿದ್ದರ ತಾತ್ಪರ್ಯ: ಒಂದು ಸಣ್ಣ ತೊಂದರೆ ಇದೆ, ನಾಲ್ಕೂ ಎಂಜಿನ್ ನಿಂತಿವೆ, ಮತ್ತೆ ಹೊತ್ತಿಸಲು ಆದಷ್ಟು ನೋಡುತ್ತಿದ್ದೇವೆ, ನಿಮಗೆ ಜಾಸ್ತಿ ಗಾಬರಿಯಾಗಿಲ್ಲ ಎಂದುಕೊಂಡಿದ್ದೇನೆ. ಎಂಜಿನ್ನು ಮತ್ತೆ ಹೊತ್ತಿಕೊಂಡವು, ವಿಮಾನ ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಉಳಿದರು.

ಆದರೆ ಇದೇ ಗುಣಕ್ಕೆ ಜೀವ ಹೋದದ್ದೂ ಇದೆ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಹತ್ತಿರ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಸೈನಿಕರನ್ನು ಚೀನೀ ಪಡೆ ಸುತ್ತುವರಿಯಿತು. ಹೇಗಿದೆ ಎಂದು ಅಮೆರಿಕನ್ ಜನರಲ್ ಕೇಳಿದಾಗ ಬ್ರಿಗೇಡಿಯರ್ ಟಾಮ್ ಬ್ರೋಡಿ ‘ಸ್ವಲ್ಪ ಇಕ್ಕಟ್ಟಾಗಿದೆ’ ಎನ್ನುವ ಅರ್ಥದಲ್ಲಿ ಉತ್ತರಿಸಿದರಂತೆ. ಬ್ರಿಟಿಷ್ ಕಿವಿಗೆ ಅದರ ಅರ್ಥ ‘ಮುಗಿದೆವು’ ಎಂದು. ಅಮೆರಿಕನ್ ಕಿವಿಗೆ ‘ನಿಭಾಯಿಸುತ್ತಾರೆ’ ಎಂದು ಕೇಳಿಸಿತು. ಹಿಂದಕ್ಕೆ ಬರಲು ಅಪ್ಪಣೆ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. ಐನೂರಕ್ಕೂ ಹೆಚ್ಚು ಜನ ಸೆರೆಯಾದರು, ತಪ್ಪಿಸಿಕೊಂಡು ಬಂದವರು ಕೆಲವೇ ಮಂದಿ.

ಅಲ್ಲಿಗೆ ಓದಲು, ದುಡಿಯಲು ಹೋಗುವ ನಮ್ಮವರು ಗಮನಿಸಬೇಕಾದದ್ದು ಇದನ್ನು. ನನ್ನ ಮೊದಲ ವರದಿ ನೋಡಿ ಮೇಲಿನವರು ‘ಕ್ವೈಟ್ ಗುಡ್’ ಅಂದರು. ಖುಷಿಯಿಂದ ಮನೆಗೆ ಫೋನು ಮಾಡಿದೆ. ಅವರು ಹೇಳಿದ್ದು ‘ಪರವಾಗಿಲ್ಲ, ಇನ್ನೂ ಕೆಲಸ ಇದೆ’ ಎಂದು ಗೊತ್ತಾಗಲು ಆರು ತಿಂಗಳು ಬೇಕಾಯಿತು. ಇನ್ನೊಂದು ಸಲ ‘ನಾಟ್ ಬ್ಯಾಡ್’ ಅಂದಾಗ ಮುಖ ಬಾಡಿಸಿಕೊಂಡೆ, ನೋಡಿದರೆ ಅದು ಹೊಗಳಿಕೆ. ‘ಒಂದಿನ ಮನೆಗೆ ಊಟಕ್ಕೆ ಬರಲೇಬೇಕು’ ಅಂದರೆ ಮಾತ್ರ ನಮ್ಮ ‘ಬನ್ನಿ ಒಂದ್ಸಲ ಮನೆ ಕಡೆ’ ಇದ್ದ ಹಾಗೆ. ತಾರೀಖು ಹೇಳದಿದ್ದರೆ ಹೊರಡಬೇಡಿ.

ಇಂಥ ಮೆತ್ತನೆ ಮಾತಿನವರೆಲ್ಲ ಮೆತ್ತನೆಯವರು ಎಂದುಕೊಂಡರೂ ತಪ್ಪು. 2024ರ ಬೇಸಿಗೆಯಲ್ಲಿ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಕೊಲೆಯಾದ ಮೇಲೆ ಸುಳ್ಳುಸುದ್ದಿ ಹಬ್ಬಿ, ವಲಸೆ ಬಂದವರನ್ನು ಇಳಿಸಿದ್ದ ಹೋಟೆಲುಗಳಿಗೂ ಮಸೀದಿಗಳಿಗೂ ಕಲ್ಲು ತೂರಿದವರು, ಬೆಂಕಿ ಇಡಲು ನೋಡಿದವರು ಇದೇ ದೇಶದವರು. ಮರುವಾರ ಅದಕ್ಕೆದುರು ಸಾವಿರಗಟ್ಟಲೆ ಬೀದಿಗಿಳಿದವರೂ ಇದೇ ದೇಶದವರು.

ಅಳದ, ತುಟಿ ಅಲುಗಿಸದ ಗಟ್ಟಿ ಬ್ರಿಟಿಷರ ಫೋಟೋಗೂ ಇಸವಿ ಹಚ್ಚಬಹುದು. 18ನೇ ಶತಮಾನದ ಇಂಗ್ಲಿಷರು ನಾಟಕಶಾಲೆಯಲ್ಲಿ, ಚರ್ಚಿನಲ್ಲಿ ಬಿಕ್ಕಿಬಿಕ್ಕಿ ಅಳುತ್ತಿದ್ದರು. ಅಳು ಬರದವನನ್ನು ಕಂಡರೆ ಕಲ್ಲುಹೃದಯದವನು ಎನ್ನುತ್ತಿದ್ದರು. ಅಳು ನಿಲ್ಲಿಸಿದ್ದು ವಿಕ್ಟೋರಿಯಾ ಕಾಲದ ಹಾಸ್ಟೆಲ್ ಶಾಲೆಗಳು. ದೂರದ ದೇಶಗಳನ್ನು ಆಳಲು ಹೋಗುವ ಹುಡುಗರಿಗೆ ಏಳೆಂಟು ವರ್ಷಕ್ಕೇ ಅಮ್ಮನಿಂದ ಬಿಡಿಸಿ ಕಲಿಸಿದ ಪಾಠ ಅದು. ಸಾಮ್ರಾಜ್ಯಕ್ಕೆ ಬೇಕಿತ್ತು, ತಯಾರಿಸಿದರು. ಯುದ್ಧಕಾಲದ ಗಟ್ಟಿತನಕ್ಕೆ ಹೆಸರಾದ ಚರ್ಚಿಲ್ ಕೂಡ ಮಾತುಮಾತಿಗೆ ಕಣ್ಣೀರು ಹಾಕುವವರು. ಮಗ್ಗುಗಳ ಮೇಲೆಲ್ಲ ‘ಕೀಪ್ ಕಾಮ್ ಅಂಡ್ ಕ್ಯಾರಿ ಆನ್’ ಎಂದು ಬರೆದಿರುತ್ತದಲ್ಲ, ಆ ಪೋಸ್ಟರನ್ನು 1939ರಲ್ಲಿ ಸುಮಾರು 24 ಲಕ್ಷ ಪ್ರತಿ ಅಚ್ಚು ಹಾಕಿ, ಬಹುಪಾಲು ಗೋಡೆಗೆ ಅಂಟಿಸದೆಯೇ ರದ್ದಿಗೆ ಹಾಕಿದ್ದರು. ಯುದ್ಧಕಾಲದ ಜನ ಅದನ್ನು ನೋಡಿದ್ದೇ ಕಮ್ಮಿ. 2000ದಲ್ಲಿ ಆಲ್ನಿಕ್ ಎಂಬ ಊರಿನ ಹಳೇ ಪುಸ್ತಕದ ಅಂಗಡಿಯವರಿಗೆ ಒಂದು ಪೆಟ್ಟಿಗೆಯ ತಳದಲ್ಲಿ ಪ್ರತಿಯೊಂದು ಸಿಕ್ಕಿತು. ಅಲ್ಲಿಂದ ಅದು ಬ್ರಿಟಿಷರ ಹುಟ್ಟುಗುಣ ಎಂದು ಪ್ರಪಂಚಕ್ಕೆಲ್ಲ ಮಾರಾಟವಾಯಿತು. ನಮ್ಮನೆಯಲ್ಲೂ ಒಂದು ಮಗ್ಗು ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬ್ರಿಟಿಷರು ಅಂದರೆ ಯಾರು? 2021ರ ಜನಗಣತಿಯ ಪ್ರಕಾರ ಲಂಡನ್ನಿನಲ್ಲಿ ತಮ್ಮನ್ನು ಬಿಳಿಯ ಬ್ರಿಟಿಷರು ಎಂದು ಬರೆಸಿದವರು ಶೇಕಡ 36.8 ಮಾತ್ರ. ಲೆಸ್ಟರ್‌ನಲ್ಲಿ ಮೂವರಲ್ಲಿ ಒಬ್ಬರು ಭಾರತೀಯ ಮೂಲದವರು. ಸಿನಿಮಾದಲ್ಲಿ ಕೇಳುವ ಆ ನುಣುಪಾದ ಇಂಗ್ಲಿಷ್ ಇದೆಯಲ್ಲ, ಅದನ್ನು ಆಡುವವರು ನೂರಕ್ಕೆ ಮೂವರು ಎಂದು ಭಾಷಾತಜ್ಞ ಪೀಟರ್ ಟ್ರಡ್‌ಗಿಲ್ 1970ರ ದಶಕದಲ್ಲೇ ಅಂದಾಜು ಮಾಡಿದ್ದರು. ನ್ಯೂಕಾಸಲ್ ಬಸ್ಸಿನ ಡ್ರೈವರ್ ಆಡಿದ್ದರಲ್ಲಿ ನನಗೆ ಅರ್ಥವಾದದ್ದು ಕೊನೆಯ ‘ಪೆಟ್’ ಒಂದೇ. ಯಾರ್ಕ್‌ಶೈರ್‌ನಲ್ಲಿ ‘ಲವ್’, ಸ್ಟೋಕ್ ಕಡೆ ‘ಡಕ್’. ಗುರುತಿಲ್ಲದವರನ್ನೂ ಹೀಗೆ ಅಕ್ಕರೆಯಿಂದ ಕರೆಯುವ ಜನರನ್ನು ಬಿಗುಮಾನದವರು ಎಂದವರು ಬಹುಶಃ ಲಂಡನ್ನಿನ ಮೆಟ್ರೋ ಬಿಟ್ಟು ಆಚೆ ಹೋಗಿಲ್ಲ. ಧಾರವಾಡದವರ ‘ಯಾಕ್ರೀ ಯಪ್ಪಾ’ ಕೇಳದೆ ಕನ್ನಡಿಗರ ಬಗ್ಗೆ ಬರೆದ ಹಾಗೆ.

ನಮ್ಮ ನಾಡಿನ ಮಟ್ಟಿಗಂತೂ ಈ ಗೊಂದಲ ಹಳೆಯದು. ನಾವು ಬ್ರಿಟಿಷರು, ಇಂಗ್ಲಿಷರು, ಆಂಗ್ಲರು ಎಂದು ಒಂದೇ ಉಸಿರಿಗೆ ಅನ್ನುತ್ತೇವೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಸೈನ್ಯ ನುಗ್ಗಿಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಊರೂರು ತಿರುಗಿ ನಮ್ಮ ಬೆಳೆ, ಜಾತಿ, ಕಸುಬುಗಳನ್ನು ಬರೆದಿಟ್ಟ ಬುಕಾನನ್ನೂ ಸ್ಕಾಟ್ಲೆಂಡಿನವನೇ. ಬಳ್ಳಾರಿ ಕಡೆ ರೈತವಾರಿ ಕಂದಾಯ ತಂದ ಥಾಮಸ್ ಮನ್ರೋ ಗ್ಲಾಸ್ಗೋದವನು. ಸ್ಯಾಂಕಿ ಕೆರೆಯ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಐರ್ಲೆಂಡಿನಲ್ಲಿ. ಎಂ.ಜಿ. ರಸ್ತೆಯ ಹತ್ತಿರ ಪ್ರತಿಮೆಯಾಗಿ ನಿಂತಿರುವ ಕಿಟೆಲ್‌ರನ್ನಂತೂ ಎಷ್ಟೋ ಜನ ಇಂಗ್ಲಿಷಿನವರು ಎಂದೇ ತಿಳಿದಿದ್ದಾರೆ, ಅವರು ಜರ್ಮನ್ನರು.

ಇನ್ನು 1834ರಿಂದ 1861ರವರೆಗೆ ಮೈಸೂರನ್ನು ಕಮಿಷನರ್ ಆಗಿ ಆಳಿದ ಮಾರ್ಕ್ ಕಬ್ಬನ್. ಬೆಂಗಳೂರಿನ ದೊಡ್ಡ ಪಾರ್ಕಿಗೇ ಅವನ ಹೆಸರಿದೆ. ಹುಟ್ಟಿದ್ದು ಐಲ್ ಆಫ್ ಮ್ಯಾನ್ ಎಂಬ ದ್ವೀಪದಲ್ಲಿ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ. ಅದಕ್ಕೆ ಅದರದೇ ಪಾರ್ಲಿಮೆಂಟಿದೆ, ಅದರದೇ ಕಾನೂನಿದೆ. ಆ ದ್ವೀಪ ಇವತ್ತಿಗೂ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿಲ್ಲ.